ಭಾವನ ಕೋಲು, ಗರುಡನ ಕಣ್ಣು

ನಮ್ಮ ಭಾವನಿಗೆ ಹೊಟ್ಟೆಕಿಚ್ಚು ಎಂದರೆ ಅಕ್ಕ ಒಪ್ಪುವುದಿಲ್ಲ. "ಹಾಗೆಲ್ಲ ಅನ್ಬೇಡ ಕಣೋ, ಅವರಿಗೆ ಸ್ವಲ್ಪ ಎದೆಯುರಿ ಅಷ್ಟೆ" ಅನ್ನುತ್ತಾಳೆ. ಹೊಟ್ಟೆಯ ಉರಿ ಎದೆಯವರೆಗೆ ಏರಿದ್ದಕ್ಕೆ ಕಾರಣ ಒಬ್ಬನೇ, ಗರುಡ.

ಭಾವನದು ಊರಾಚೆಯ ಕಸದ ಗುಡ್ಡವನ್ನು ಅಳೆಯುವ ಉದ್ಯೋಗ. ಅಲ್ಲಿ ಕಸ ಸುರಿಯುವುದು ನಿಂತಿದೆ. ಈಗ ಲಾರಿಗಳು ಅದನ್ನು ತುಂಬಿಕೊಂಡು ಹೋಗುತ್ತಿವೆ. ಗುಡ್ಡ ಎಷ್ಟು ಕರಗಿತು ಎಂದು ಭಾವ ಹೇಳಬೇಕು. ಮೇಲ್ತುದಿಯಲ್ಲಿ ಅಣಬೆಯಂಥ ಯಂತ್ರ ಹೊತ್ತ ಕೋಲನ್ನು ಗುಡ್ಡದ ಮೇಲೆ ಅಲ್ಲಲ್ಲಿ ಊರಿ ಎತ್ತರ ಹಿಡಿದು ತರುತ್ತಾರೆ. ಕಂಪ್ಯೂಟರು ಆ ಚುಕ್ಕಿಗಳನ್ನೆಲ್ಲ ಜೋಡಿಸಿ, ಗುಡ್ಡಕ್ಕೆ ಚಾದರ ಹೊದಿಸಿದಂತೆ ಒಂದು ಮೇಲ್ಮೈ ಮಾಡಿಕೊಡುತ್ತದೆ. ಹಳೇ ಚಾದರಕ್ಕೂ ಹೊಸ ಚಾದರಕ್ಕೂ ನಡುವೆ ಇರುವ ಸಂದಿಯೇ ಲೆಕ್ಕ. ಇಳಿದ ಕಡೆ ಕೆಂಪು, ಏರಿದ ಕಡೆ ನೀಲಿ. ನನ್ನ ತಲೆಗೆ ಇದನ್ನು ತುಂಬಲು ಅವರು ನಿಜವಾದ ಎರಡು ಚಾದರಗಳನ್ನೇ ತಂದು ದಿಂಬಿನ ಮೇಲೆ ಹಾಸಬೇಕಾಯಿತು. ಕೊನೆಗೆ ಅವನ್ನು ಮಡಿಸಿಡುವ ಕೆಲಸವೊಂದೇ ನನಗೆ ಚೆನ್ನಾಗಿ ಅರ್ಥವಾಯಿತು.

ಹೀಗಿರುವಾಗ ಕಚೇರಿಗೆ ಡ್ರೋನ್ ಹಾರಿಸುವವನೊಬ್ಬ ಬಂದ. ಭಾವ ಬೂಟಿನ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಇಡೀ ಗುಡ್ಡದ ಚಿತ್ರ ತೆಗೆದು ಮುಗಿಸಿರುತ್ತಿದ್ದ. "ಬಂದ ನೋಡಿ, ದೊಡ್ಡ ಗರುಡ!" ಎಂದು ಭಾವ ಮೂದಲಿಸಿದರು. ಕಚೇರಿಯವರು ಅದನ್ನು ಹೊಗಳಿಕೆ ಎಂದುಕೊಂಡು ಅದೇ ಹೆಸರನ್ನು ಕಾಯಂ ಮಾಡಿಬಿಟ್ಟರು. "ಎಂಥಾ ಒಳ್ಳೇ ಹೆಸರಿಟ್ರಿ ಸಾರ್" ಎಂದು ಗರುಡ ಬೇರೆ ಕೈಮುಗಿದನಂತೆ. ಭಾವ ಅವತ್ತು ಮಧ್ಯಾಹ್ನದ ಊಟ ಬಿಟ್ಟರು.

ಸಾಲದ್ದಕ್ಕೆ ಭಾವನಿಗೆ ಮಂಡಿನೋವು ಶುರುವಾಗಿತ್ತು. "ಆಫೀಸಲ್ಲಿ ಗೊತ್ತಾದ್ರೆ ಗುಡ್ಡ ಆ ಗರುಡನ ಪಾಲಾಗುತ್ತೆ. ಬಾಯಿಬಿಟ್ಟೀಯ, ಜೋಕೆ!" ಎಂದು ನನ್ನನ್ನು ಗದರಿಸಿದರು. ಅಂದಿನಿಂದ ಭಾವಮೈದುನನಾಗಿದ್ದ ನಾನು ಅವರ ಸ್ಕೂಟರಿನ ಚಾಲಕನೂ ಆದೆ.

ಈ ಸಲದ ಹೊಸ ಮೇಲ್ಮೈಯನ್ನು ಕಚೇರಿಯ ಸಾಹೇಬರು ಗರುಡನ ಚಿತ್ರಗಳಿಂದಲೇ ಮಾಡಿಸಿದರು. ಅದನ್ನು ತಮ್ಮ ಹಳೇ ಮೇಲ್ಮೈಯ ಜೊತೆ ಹೋಲಿಸಿ ನೋಡಿದ ಭಾವ ಮನೆಗೆ ಬಂದದ್ದೇ ಹಬ್ಬದ ಮುಖ ಮಾಡಿಕೊಂಡು.

"ಪೂರ್ತಿ ನೀಲಿ ಕಣೋ! ಲಾರಿಗಟ್ಟಲೆ ಹೊತ್ಕೊಂಡು ಹೋಗ್ತಾ ಇದ್ರೂ ಇವನ ಗುಡ್ಡ ಬೆಳೀತಾ ಇದೆ. ಕಸಕ್ಕೇನಾದ್ರೂ ಗೊಬ್ಬರ ಹಾಕಿದ್ದಾನಾ?"

"ಪಾಪ ರೀ, ಚಿಕ್ಕವನು" ಎಂದಳು ಅಕ್ಕ.

"ಚಿಕ್ಕವನಾದ್ರೆ ಗಾಳಿಪಟ ಹಾರಿಸ್ಲಿ!"

ಮರುದಿನ ಕಚೇರಿಯಲ್ಲಿ ಇದನ್ನು ಕೇಳಿ ಸಾಹೇಬರು ಮಾತ್ರ ನಗಲಿಲ್ಲ. "ಇಬ್ಬರೂ ಹೋಗಿ ಒಂದೇ ಜಾಗ ಅಳೀರಿ. ಯಾರ ಲೆಕ್ಕ ನಿಲ್ಲುತ್ತೋ ಗುಡ್ಡ ಅವರದು" ಅಂದರು.

ಚಾಲಕನ ಹಕ್ಕಿನಿಂದ ನಾನೂ ಗುಡ್ಡ ಹತ್ತಿದೆ. ಭಾವ ಠೀವಿಯಿಂದ ಕೋಲು ಊರಿದರು. ಮಂಡಿಗೆ ಆಸರೆಯಾಗಲೆಂದು ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು. ಕೋಲು ಮೆತ್ತನೆಯ ಕಸದೊಳಗೆ ಸರ್ರನೆ ಇಳಿಯಿತು.

"ಸಾರ್, ಕೋಲು ಒಳಗೆ ಹೋಗ್ತಾ ಇದೆ" ಎಂದ ಗರುಡ.

"ಮತ್ತೇನು, ತಲೆ ಮೇಲೆ ಇಟ್ಕೊಳ್ಲಾ?" ಎಂದು ಭಾವ ಅದನ್ನು ಕಿತ್ತರು. ಕೆಳತುದಿಯಿಂದ ಒಂದು ಗೇಣು ಕಪ್ಪು ರಾಡಿ ಮೆತ್ತಿತ್ತು.

ಆ ರಾಡಿ ನೋಡಿದ್ದೇ ತಪ್ಪು ಎಲ್ಲಿದೆ ಎಂದು ಭಾವನಿಗೆ ಹೊಳೆಯಿತು. ಮಂಡಿ ಗಟ್ಟಿಯಿದ್ದಾಗ ಅವರು ಕೋಲನ್ನು ಹೂವಿನಂತೆ ಹಿಡಿಯುತ್ತಿದ್ದರು. ನೋವು ಬಂದಮೇಲೆ ಒರಗತೊಡಗಿದ್ದರು. ಕಳೆದ ಸಲ ಅವರು ಆ ಹಳೇ ಚಾದರ ಹಾಸಿದ್ದು ಗುಡ್ಡದ ಮೇಲಲ್ಲ, ಒಂದು ಗೇಣು ಒಳಗೆ. ಹಾಗಾಗಿ ಕರಗಿದ ಗುಡ್ಡವೂ ಬೆಳೆದಂತೆ ಕಂಡಿತ್ತು. ಭಾವ ಕರವಸ್ತ್ರದಿಂದ ಕೋಲನ್ನು ಒರೆಸಿದರು, ಮಗುವಿನ ಮೂಗು ಒರೆಸುವಂತೆ.

"ಮಂಡಿನೋವಾ ಸಾರ್?" ಗರುಡ ಮೆಲ್ಲಗೆ ಕೇಳಿದ.

ಭಾವ ನನ್ನ ಕಡೆ ಕಣ್ಣು ಬಿಟ್ಟರು. "ಯಾರಂದ್ರು?"

"ಯಾರೂ ಹೇಳಿಲ್ಲ. ಆಫೀಸ್ ಮೆಟ್ಟಿಲು ಹತ್ತೋವಾಗ ಒಂದೊಂದಕ್ಕೂ ಎರಡೂ ಕಾಲಿಡ್ತೀರಲ್ಲ."

"ಗುಡ್ಡ ಅಳೆಯೋದು ಬಿಟ್ಟು ನನ್ನ ಕಾಲು ಅಳೀತಾ ಇದ್ದೀಯಾ?" ಎಂದರು ಭಾವ. ದನಿಯಲ್ಲಿ ಎಂದಿನ ಖಾರವಿರಲಿಲ್ಲ.

ಗುಡ್ಡ ಗರುಡನಿಗೇ ಹೋಯಿತು. ಭಾವ ಈಗ ಕುರ್ಚಿಯಲ್ಲಿ ಕೂತು, ಅವನು ತಂದ ಚಾದರಗಳನ್ನು ಹೋಲಿಸಿ ಲೆಕ್ಕ ತೆಗೆಯುತ್ತಾರೆ. ಚೂರು ನೀಲಿ ಕಂಡರೂ ಇಡೀ ಕಚೇರಿಗೆ ಕೇಳುವಂತೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಮೊನ್ನೆ ಗರುಡ ಮನೆಗೆ ಬಂದಿದ್ದ. ಆಕಾಶ ನೋಡಿ ನೋಡಿ ಅವನ ಕತ್ತು ಹಿಡಿದುಕೊಂಡಿತ್ತು. ಅಕ್ಕ ಒಳಗಿನಿಂದ ಭಾವನ ಮಂಡಿಯ ಮುಲಾಮು ತಂದು, "ಇನ್ನೂ ಸ್ವಲ್ಪ ಹಚ್ಕೊಳಪ್ಪಾ" ಎಂದು ಉಪಚರಿಸಿದಳು.

ಅವನು ಹೋದ ಮೇಲೆ ಭಾವ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು.

"ಅರ್ಧ ಮುಗಿಸಿದ್ದಾನೆ! ಅಲ್ಲ ಕಣೋ, ನೀನೇ ಹೇಳು, ಕತ್ತುನೋವು ದೊಡ್ಡದಾ, ಮಂಡಿನೋವು ದೊಡ್ಡದಾ?"

"ಮಂಡಿನೋವೇ ಭಾವ. ಅದರ ಮುಂದೆ ಕತ್ತು ಯಾವ ಲೆಕ್ಕ?"

"ಹೌದು ತಾನೇ?" ಎಂದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತು.