ವಾರಕ್ಕೆರಡು ಸ್ನಾನ

ನನ್ನ ಅಕ್ಕನ ಪಿಂಚಣಿ ಅವಳ ಆರೈಕೆಗೆ ಸಾಲುತ್ತಿತ್ತು. ಸಾಲುವುದಿಲ್ಲ ಎಂದು ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದವನು ನಾನು.

ಗೌರಕ್ಕ ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ಕಾಲೇಜಿನ ಫೀಸು ಕಟ್ಟಿದವಳೂ ಅವಳೇ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಾಗ ವಿಜಯನಗರದ ಒಂದು ಆರೈಕೆ ಮನೆಗೆ ಸೇರಿಸಿದೆ. ಅವಳ ಎಟಿಎಂ ಕಾರ್ಡು ನನ್ನ ಜೇಬು ಸೇರಿತು.

"ವಾರಕ್ಕೆರಡು ಸ್ನಾನ ಪ್ಯಾಕೇಜಲ್ಲೇ ಬರುತ್ತೆ ಸಾರ್. ದಿನಾ ಬೇಕಂದ್ರೆ ಎಕ್ಸ್‌ಟ್ರಾ" ಎಂದ ಅಲ್ಲಿನ ಮ್ಯಾನೇಜರು. ವಯಸ್ಸಾದ ಹೆಂಗಸಿನ ಮೈಮೇಲೆ ನಾಲ್ಕು ಚೊಂಬು ನೀರು ಹಾಕುವುದಕ್ಕೂ ಬೇರೆ ರೇಟು! ಆ ಜನರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ "ಎರಡು ಸಾಕು" ಎಂದ ನಾಲಿಗೆ ಅವರದಲ್ಲ, ನನ್ನದು.

ನಮ್ಮದು ಲಿಂಗ ಕಟ್ಟುವ ಮನೆ. ಮಿಂದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅಕ್ಕ ಒಂದು ಗುಟುಕು ಕಾಫಿಯನ್ನೂ ಮುಟ್ಟಿದವಳಲ್ಲ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು. ಸ್ನಾನವಿಲ್ಲದ ದಿನ ಅವಳು ತಿಂಡಿ ಮುಟ್ಟುತ್ತಿಲ್ಲವೆಂದು ಅಲ್ಲಿಂದ ಫೋನು ಬಂದಾಗ ಹೋಗಿ ಅವಳ ಮೇಲೆಯೇ ರೇಗಿದೆ.

"ಪೂಜೆ ಇಲ್ದೆ ಎಂಗೋ ತಿನ್ಲಿ? ದಿನಾ ಸ್ನಾನ ಮಾಡ್ಸಕ್ಕೆ ನನ್ನ ಪಿಂಚಣಿ ಸಾಲಲ್ವೇನೋ?"

"ಸಾಲಲ್ಲ ಅಕ್ಕ."

ಜೀವನವಿಡೀ ಲೆಕ್ಕ ಹೇಳಿಕೊಟ್ಟವಳು ನನ್ನ ಹತ್ತಿರ ಲೆಕ್ಕ ಕೇಳಲಿಲ್ಲ. "ಪಾಪ, ನೀನಾದ್ರೂ ಎಲ್ಲಿಂದ ತರ್ತೀಯ" ಎಂದಳು. ಮರುದಿನದಿಂದ ಪೂಜೆಯಿಲ್ಲದೆ ತಿಂದಳು. ಆಮೇಲೆ ಸ್ನಾನದ ದಿನಗಳಲ್ಲೂ ಲಿಂಗವನ್ನು ಕೈಗೆ ತೆಗೆದುಕೊಳ್ಳುವುದನ್ನು ಬಿಟ್ಟಳಂತೆ — ನಾನು ವಿಚಾರಿಸಲಿಲ್ಲ.

ಮಿಕ್ಕ ದುಡ್ಡು ದಟ್ಟಗಳ್ಳಿಯ ನನ್ನ ಮನೆಯ ಮಹಡಿಗೆ ಹೋಯಿತು. ಅದನ್ನು ಬಾಡಿಗೆಗೆ ಕೊಟ್ಟೆ. ಮದುವೆಮನೆಗಳಲ್ಲಿ ನೆಂಟರು "ತಮ್ಮ ಅಂದ್ರೆ ಇಂಗಿರ್ಬೇಕು ಕಣ್ರೀ" ಎಂದು ಬೆನ್ನು ತಟ್ಟುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ! ಥೂ.

ಮಹಡಿಯ ಕೆಲಸ ಮುಗಿದ ಮೇಲೆ ಈ ವರ್ಷ ದಿನದ ಸ್ನಾನಕ್ಕೆ ಹಣ ಕಟ್ಟಿದೆ. ದೊಡ್ಡ ಉಪಕಾರ ಮಾಡಿದವನಂತೆ ಮೊದಲ ಬೆಳಿಗ್ಗೆ ವಿಭೂತಿ, ಹೂವು ಹಿಡಿದುಕೊಂಡು ಹೋದೆ. ಆಯಾ ನೀರು ಹಾಕಿ, ತಲೆ ಒರೆಸಿ ಕೂರಿಸಿದ್ದಳು. ನಾನು ವಿಭೂತಿ ಚಾಚಿದರೆ ಅಕ್ಕ ಅಂಗೈ ಬಿಚ್ಚಲೇ ಇಲ್ಲ.

"ಬೇಡ ಬುಡೋ. ಶಿವನಿಗೂ ಅಭ್ಯಾಸ ತಪ್ಪೋಗಿದೆ. ಇಡ್ಲಿ ಆರೋಗುತ್ತೆ, ಕೊಡಿಲ್ಲಿ."

ಆವತ್ತೂ ನಿಜ ಹೇಳಲಿಲ್ಲ. ತಟ್ಟೆ ಎತ್ತಿಕೊಟ್ಟು ಬಂದೆ, ಹೇಡಿ.

ನಾಳೆ ಹೋಗುತ್ತೇನೆ. ಕಾರ್ಡನ್ನು ಅವಳ ಕೈಗಿಟ್ಟು, ಆ ಮಹಡಿ ಯಾರ ದುಡ್ಡಿನದು ಎಂದು ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತಾಳೆ.