ಮೊಳೆ ಅಲುಗದಂತೆ ಕಾಯುವ ಆಶಾಲತಾ

ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಅಮೆರಿಕದ ಈಸ್ಟ್ ಬೇಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಆಶಾಲತಾ ಟವೆಲ್ ಹೊಸೆದು ಬಳೆಯಂತೆ ಸುತ್ತುತ್ತಿದ್ದಾರೆ. ಎದುರಿನ ಮಂಚದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಪ್ರದ್ಯುಮ್ನ. ಅವರ ಬಲಗಿವಿಯ ಮೇಲೆ ಮೊಳೆಯೊಂದು ಅರ್ಧ ಇಂಚು ಹೊರಗೆ ಕಾಣುತ್ತಿದೆ. ಉಳಿದ ಎರಡು ಇಂಚು ಒಳಗೆ, ಮೆದುಳಿನಲ್ಲಿ.

ಹತ್ತಕ್ಕೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನೆಂಟರು ಬರುವಷ್ಟರಲ್ಲಿ ಹಿತ್ತಲಿನ ಬೇಲಿ ಗಟ್ಟಿಮಾಡೋಣವೆಂದು ಮೊಳೆ ಹೊಡೆಯುವ ಗನ್ನು ಬಾಡಿಗೆಗೆ ತಂದಿದ್ದರು. ಹಲಗೆಯ ಗಂಟಿಗೆ ತಗುಲಿ ಗನ್ನು ಹಿಂದಕ್ಕೆ ಒದೆಯಿತು. ಆ ಒದೆತಕ್ಕೆ ಹಾರಿದ ಮತ್ತೊಂದು ಮೊಳೆ ತಲೆಯನ್ನೇ ಹೊಕ್ಕಿತು.

“ಒಂದು ಪ್ಲೈಯರ್ ಕೊಡಿ ಮೇಡಂ, ನಾನೇ ಕಿತ್ಕೋತೀನಿ. ಎಡಗೈ ಬೆರಳು ಜುಮ್ಮಂತಿದೆ ಅಷ್ಟೇ.”

“ಬೇಲಿ ಹೊಡಿಯೋಕೇ ಬರ್ಲಿಲ್ಲ, ತಲೆ ರಿಪೇರಿ ಮಾಡ್ತಾರಂತೆ!” ಹೆಂಡತಿ ಮೈಥಿಲಿ ಗದರುತ್ತಾರೆ.

ಮೊಳೆಯತ್ತ ಹೋದ ಪ್ರದ್ಯುಮ್ನರ ಕೈಯನ್ನು ಆಶಾಲತಾ ಹಿಡಿದುಕೊಳ್ಳುತ್ತಾರೆ. “ಎಳಿಬೇಡಿ ಮಾರಾಯ್ರೆ. ಅದೀಗ ಬಿರಡೆಯ ಹಾಗೆ ಕೂತಿದೆ. ತೆಗೆದ್ರೆ ಒಳಗಿನ ರಕ್ತ ನಿಲ್ಲಿಸ್ಲಿಕ್ಕೆ ಈ ಕೋಣೆಯಲ್ಲಿ ಯಾರಿಂದಲೂ ಆಗುದಿಲ್ಲ.”

ಟವೆಲ್ಲಿನ ಬಳೆ ಮೊಳೆಯ ಸುತ್ತ ಕೂರುತ್ತದೆ, ಮೊಳೆಗಿಂತ ಎತ್ತರಕ್ಕೆ. ಮೇಲೆ ಕಟ್ಟಿದ ಬ್ಯಾಂಡೇಜ್ ಪಟ್ಟಿಯ ಭಾರವೆಲ್ಲ ಬಳೆಯ ಮೇಲೆ, ಮೊಳೆಯ ಮೇಲಲ್ಲ. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಆಶಾಲತಾರ ತಾಯಿ ತಲೆಗಿಡುತ್ತಿದ್ದ ಸಿಂಬಿಯೇ ಇದು. “ತರಬೇತಿಯಲ್ಲಿ ಇದನ್ನು ಕಲಿಸಿದಾಗ ನಗು ಬಂತು. ಆರು ವರ್ಷಕ್ಕೇ ಕಲಿತದ್ದಲ್ಲವಾ!”

ಹತ್ತಿರದ ಯೂನಿಯನ್ ಸಿಟಿಯ ನಿವಾಸಿ ಆಶಾಲತಾಗೆ ಈಗ ಐವತ್ತಮೂರು. ಊರಿನ ಬಿ.ಕಾಂ. ಇಲ್ಲಿ ನೆರವಿಗೆ ಬರಲಿಲ್ಲ. ಡೇಕೇರಿನಲ್ಲಿ ದುಡಿಯುತ್ತಲೇ ತುರ್ತು ವಿಭಾಗದ ಸಹಾಯಕಿಯ ಕೆಲಸ ಕಲಿತರು. ಹನ್ನೆರಡು ಗಂಟೆಯ ಪಾಳಿ, ದಿನಕ್ಕೆ ಸುಮಾರು ನಲವತ್ತು ರೋಗಿಗಳು. ಹೆಚ್ಚಿನವು ಜ್ವರ, ಎದೆನೋವು, ಮುರಿದ ಮೂಳೆ.

ಸ್ಕ್ಯಾನ್ ಕೋಣೆಯವರೆಗಿನ ದಾರಿಯಲ್ಲಿ ಸ್ಟ್ರೆಚರ್ ನಿಧಾನವಾಗಿ ಸಾಗುತ್ತದೆ. ಲಿಫ್ಟಿನ ಹೊಸ್ತಿಲಲ್ಲಿ ಆಶಾಲತಾ ಎರಡೂ ಅಂಗೈಗಳಿಂದ ತಲೆಯನ್ನು ಆನಿಸಿಕೊಳ್ಳುತ್ತಾರೆ. ಮೊಳೆಯ ತುದಿ ದೊಡ್ಡ ರಕ್ತನಾಳವೊಂದಕ್ಕೆ ಒತ್ತಿಕೊಂಡಿದೆಯೆಂದು ಸ್ಕ್ಯಾನ್ ತೋರಿಸುತ್ತದೆ. ಕೂಡಲೇ ರೋಗಿಯನ್ನು ಮೇಲಿನ ಮಹಡಿಯ ಶಸ್ತ್ರಚಿಕಿತ್ಸಾ ಕೊಠಡಿಗೆ ಸಾಗಿಸುತ್ತಾರೆ.

ಆಶಾಲತಾರ ಕೆಲಸ ಅಲ್ಲಿಗೆ ಮುಗಿಯಿತು. ಹೀಗೆ ಮೇಲೆ ಹೋದವರ ಕಡತವನ್ನು ಆಮೇಲೆ ತೆರೆದು ನೋಡುವಂತಿಲ್ಲ. ನೋಡಿದರೆ ಕೆಲಸ ಹೋಗುತ್ತದೆ. ರೋಗಿಗಳ ಗೋಪ್ಯತೆಯ ನಿಯಮ; ಯಾರನ್ನೂ ಕೇಳಲೂಬಾರದು.

ಹನ್ನೆರಡನೆಯ ದಿನ ಮೈಥಿಲಿಯೇ ಹುಡುಕಿಕೊಂಡು ಬರುತ್ತಾರೆ. “ನಿನ್ನೆ ಎಡಗೈಲೇ ಶರ್ಟಿನ ಗುಂಡಿ ಹಾಕ್ಕೊಂಡ್ರು ಅಕ್ಕ.”

ತಲೆಗೋ ಬೆನ್ನುಹುರಿಗೋ ಏನಾದರೂ ಚುಚ್ಚಿಕೊಂಡು ಬಂದವರನ್ನು ಆಶಾಲತಾ ಹದಿನಾರು ವರ್ಷಗಳಲ್ಲಿ ಹೀಗೆ ಸಾಗಿಸಿದ್ದು ಹನ್ನೊಂದು ಸಲ. ಏನು ಬೇಕು ನಿಮಗೆ ಎಂದು ಕೇಳಿದರೆ ಹೇಳುತ್ತಾರೆ:

“ಒಬ್ಬರದ್ದು ಗೊತ್ತಾಯ್ತು. ಉಳಿದ ಹತ್ತು ಜನರದ್ದೂ ಯಾರಾದರೂ ಬಂದು ಹೇಳಿದ್ರೆ ಸಾಕಿತ್ತು.”