ಹುಳು ಒಪ್ಪಿದ ಮಾತ್ರೆ

ಬಾಶೆಟ್ಟಿಹಳ್ಳಿಯ ಔಷಧ ಲ್ಯಾಬಿನಲ್ಲಿ ಜೀವಕೋಶ ಸಾಕುವ ಶಾಮಲಾ, ಏರ್‌ಪೋರ್ಟ್ ರಸ್ತೆಯ ಯಾವ ಛತ್ರದಲ್ಲಿ ಮದುವೆಯಾದರೂ ಪಾಯಸಕ್ಕೆ ಮೊದಲೇ ‘ನನ್ ಮಕ್ಳು ಹಸ್ಕೊಂಡಿರ್ತವೆ’ ಎಂದು ಲ್ಯಾಬಿಗೆ ಎದ್ದುಬಿಡುತ್ತಾಳೆ. ಸೆಂಟು ಪೂಸಿಕೊಂಡು ಬಂದ ಮ್ಯಾನೇಜರನ್ನೂ ಕೋಶಗಳಿಗೆ ಆಗದೆಂದು ಹೊರಗೇ ನಿಲ್ಲಿಸುತ್ತಾಳೆ. ನಮ್ಮ ರಕ್ತನಾಳದಲ್ಲಿರುವಂಥದ್ದೇ ಕ್ಯಾಲ್ಸಿಯಂ ಬಾಗಿಲನ್ನು ಆ ಕೋಶಗಳಿಗೆ ಅವಳೇ ಜೋಡಿಸಿದ್ದಾಳೆ; ನಾಳದಲ್ಲಿ ಅದು ಮುಚ್ಚಿದರೆ ನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಬಾಗಿಲು ತೆರೆದರೆ ಕೋಶ ಹಸಿರಾಗಿ ಮಿನುಗುತ್ತದೆ, ಮದ್ದು ಅದನ್ನು ಮುಚ್ಚಿದರೆ ಮಂಕಾಗುತ್ತದೆ, ಶಾಮಲಾ ಕುಣಿಯುತ್ತಾಳೆ. ರೇಷ್ಮೆಹುಳ ಸಾಕಿದ ಅಮ್ಮ ಮುನಿವೆಂಕಟಮ್ಮನಿಗೆ ಅವೆಲ್ಲ ಬರೀ ‘ಹುಳ’. ಡಾಕ್ಟರು ಅವಳಿಗೆ ಕೊಟ್ಟ ಬಿಪಿ ಮಾತ್ರೆ ಗೋಡೆಯ ಗೂಡಿನಲ್ಲೇ ಕೂತಿತ್ತು. ‘ಹೊಸ ತೋಟದ ಸೊಪ್ಪಾದ್ರೆ ಮೊದ್ಲು ನಾಕು ಹುಳಕ್ಕೆ ಹಾಕಿ ನೋಡ್ತೀವಿ. ಇದ್ನ ನಿನ್ ಹುಳಕ್ಕೆ ಹಾಕ್ದೆ ನಾನು ನುಂಗಾಕಿಲ್ಲ!’ ಶಾಮಲಾ ಹಾಕಿಯೇ ನೋಡಿದಳು. ‘ಬಾಗ್ಲು ಮುಚ್ಕೊಂಡ್ವು ಕಣಮ್ಮ, ಒಂದೂ ಸಾಯ್ಲಿಲ್ಲ.’ ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದು ಕೇಳಿದಳು: ‘ಪಾಪ, ಆಮೇಲೆ ಅವಕ್ಕೆ ಸೊಪ್ಪು ಹಾಕಿದ್ಯೇನವ್ವ?’